ಈ ಕುರಿ ಮುಗಿಯಲಿ

ಮೊಣಕಾಲ ನಡುವೆ ಕುರಿಯ ಹೊಟ್ಟೆ ಬಿಸಿಯಾಗಿ ಏರಿಳಿಯುತ್ತಿದೆ, ನನಗಿಂತ ಇದೇ ನಿಧಾನವಾಗಿ ಉಸಿರಾಡುತ್ತಿದೆ, ಪುಣ್ಯವಂತೆ — ಉಣ್ಣೆ ಕತ್ತರಿಸುವ ಯಂತ್ರ ಹೊಟ್ಟೆಯಿಂದ ಹಿಂಗಾಲಿಗೆ ತಿರುಗಿತು, ಉಣ್ಣೆ ಬಿಳಿಬಿಳಿಯಾಗಿ ಮಗುಚಿ ಬೀಳುತ್ತದೆ, ಬಿಳಿ ನೋಡಬಾರದು, ನೋಡಿದರೆ ಚಹಾ ವಿರಾಮದಲ್ಲಿ ಕಂಡ ಕಕ್ಕಸಿನ ಬಿಳಿ ಬೋಗುಣಿ ಎದುರಿಗೆ ಬರುತ್ತದೆ, ಅದರಲ್ಲಿ ನನ್ನ ಮೂತ್ರ, ಕಡು ಚಹಾದ ಬಣ್ಣ. ಕೆಂಪಗೆ ಹೋಗ್ತಿದೆ ಕಣೇ ಅಂದದ್ದಕ್ಕೆ ಬಾಗಿಲಾಚೆ ನಿಂತಿದ್ದ ತಂಗಿ ನೆರಿಡಾ ನಕ್ಕುಬಿಟ್ಟಳು, ಅಯ್ಯೋ ಬ್ರಿಡಿ, ಬೀಟ್‌ರೂಟ್ ಕಣೇ ಅದು, ಆರು ದಿನದಿಂದ ದಿನಕ್ಕೆರಡು ಲೋಟ ರಸ ಇಳಿಸ್ತಿದೀಯ, ಕೆಂಪಗೆ ಹೋಗ್ದೆ ಹಸಿರಾಗಿ ಹೋಗುತ್ತಾ. ಡಬ್ಬೋ ಪೇಟೆಯ ಜಿಮ್ಮಿನವನು ಅವಳ ತಲೆಗೆ ತುಂಬಿದ್ದು, ಬೀಟ್‌ರೂಟಿನಲ್ಲಿ ನೈಟ್ರೇಟ್ ಇದೆಯಂತೆ, ರಕ್ತನಾಳ ಹಿಗ್ಗುತ್ತವಂತೆ, ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕಂತೆ, ಸುಸ್ತು ತಡವಾಗಿ ಬರುತ್ತದಂತೆ — ಅಂತೆಕಂತೆಗಳ ಸಂತೆ, ಆದರೂ ಮೊದಮೊದಲು ಕಾಲು ಹಗುರವಾಗಿದ್ದದ್ದು ನಿಜ, ಈಗ ತೊಡೆ ಎರಡೂ ಕಲ್ಲು. ಅಪ್ಪನೂ ಇಂಥದೇ ಫೆಬ್ರವರಿಯ ಸುಡುಬೇಸಿಗೆಯಲ್ಲಿ, ಇಂಥದೇ ತಗಡಿನ ಸೂರಿನಡಿ, ಚಹಾ ಜಾಸ್ತಿ ಆಯ್ತು ಕಣ್ರೋ, ಚಹಾನೇ ಹೊಯ್ತಿದೀನಿ ಅಂತ ಎಲ್ಲರನ್ನೂ ನಗಿಸಿದ್ದ, ಸಂಜೆ ಗಂಟೆಯವರೆಗೂ ಕುರಿಯ ಮೇಲೆ ಬಗ್ಗಿದ ಬೆನ್ನು ಎತ್ತಲಿಲ್ಲ, ಅದಾದ ಆರನೇ ದಿನ ಕಿಡ್ನಿ ಕೆಟ್ಟು ತೀರಿಕೊಂಡ, ದುಡಿದು ದುಡಿದು ಸ್ನಾಯು ಕರಗಿ ರಕ್ತಕ್ಕೆ ಸೇರಿತ್ತು, ಆ ಚಹಾದ ಬಣ್ಣ ಅದರದೇ ಅಂದರು ಡಾಕ್ಟರು. ಸುಮ್ಮನಿರು, ನಿನ್ನದು ಬೀಟ್‌ರೂಟ್ — ಬೀಟ್‌ರೂಟ್ ಎಲ್ಲಿಂದ ಬಂತು, ಮೂರು ದಿನದಿಂದ ನಾನು ಕುಡಿದೇ ಇಲ್ಲ. ಹೊಟ್ಟೆ ತೊಳೆಸುತ್ತಿತ್ತು, ಅವಳ ಮನಸ್ಸು ನೋಯಿಸಬಾರದೆಂದು ದೊಡ್ಡಿಯ ಹಿಂದೆ ಒಯ್ದು ಮಣ್ಣಿಗೆ ಸುರಿದೆ, ಖಾಲಿ ಲೋಟ ತೋರಿಸಿ ತುಟಿ ಒರೆಸಿಕೊಂಡೆ. ಅದು ಗೊತ್ತಿರುವುದು ನನಗೊಬ್ಬಳಿಗೆ, ನನಗೆ ತುಂಬಾ ಭಯವಾಗುತ್ತಿದೆ.

ಈ ಕುರಿ ಮುಗಿಯಲಿ, ಹೇಳಿಬಿಡುತ್ತೇನೆ. ದೊಡ್ಡಿಯ ಬಾಗಿಲಿಂದೀಚೆ ಎಳೆದ ಕುರಿಯನ್ನು ಅರ್ಧಕ್ಕೆ ಬಿಡುವಂತಿಲ್ಲ, ಬಿಟ್ಟವರನ್ನು ನಮ್ಮ ಶೆಡ್ಡುಗಳಲ್ಲಿ ಯಾರೂ ಚಹಾಕ್ಕೂ ಕರೆಯುವುದಿಲ್ಲ. ಬೆನ್ನು, ಕುತ್ತಿಗೆ, ಕೊನೆಯ ಮಗ್ಗುಲು, ಆಯಿತು, ಬೋಳು ಮೈ ಇಳಿಜಾರಿನಲ್ಲಿ ಜಾರಿ ಹೋಯಿತು, ಈಗ ಹೇಳು, ಹೇಳೇ — ಕೈ ಆಗಲೇ ಇನ್ನೊಂದರ ಕಾಲು ಹಿಡಿದಿದೆ, ಎಳೆದಾಗಿದೆ. ಎಂಟು ಗಂಟೆಯಲ್ಲಿ ಅತಿ ಹೆಚ್ಚು ಕುರಿ ಬೋಳಿಸಿದ ದಾಖಲೆಗೆ ಇನ್ನು ಹದಿನೇಳು ಕುರಿ, ಉಳಿದದ್ದು ಇಪ್ಪತ್ತೈದು ನಿಮಿಷ, ಎಂಟು ಗಂಟೆ ಒಂದೇ ಸಮ ಬೋಳಿಸೋದು ಹೆಂಗಸಿನ ಕೈಲಿ ಆಗೋದಲ್ಲ ಬಿಡಿ ಅಂದವರೆಲ್ಲ ಗೋಡೆಗೊರಗಿ ನೋಡುತ್ತಿದ್ದಾರೆ. ಕುರಿಗಳ ಲೆಕ್ಕ ಎಣಿಸುವ ಮುದುಕ ಆಲ್ಬಿ ಕೂಗುತ್ತಾನೆ, ಬಾ ತಾಯಿ ಬಾ, ನಿಮ್ಮಪ್ಪ ಇದನ್ನ ನೋಡ್ಬೇಕಿತ್ತು. ನೋಡಿದ್ದರೆ ಅಪ್ಪ ನಿಲ್ಲಿಸು ಅನ್ನುತ್ತಿದ್ದನೋ, ಮುಗಿಸು ಅನ್ನುತ್ತಿದ್ದನೋ — ಗೊತ್ತಿಲ್ಲ, ಸೊಂಟದಲ್ಲೇನೋ ಹಿಂಡುತ್ತಿದೆ, ಈ ಕುರಿ ಮುಗಿಯಲಿ, ಮುಗಿಯಿತು, ನೆರಿಡಾ ಬಗ್ಗಿ ನನ್ನ ಬೆವರು ಒರೆಸುತ್ತಾಳೆ, ಲೋಟ ಚಾಚುತ್ತಾಳೆ, ಇದೊಂದೇ, ಕೊನೇದು, ಕುಡಿ ಬೇಗ. ಬಾಯಿ ತೆರೆದೆ, ಹೇಳಲಿಕ್ಕೆಂದೇ ತೆರೆದೆ, ಗಟಗಟ ಕುಡಿದುಬಿಟ್ಟೆ, ಒಂದು ಹನಿ ಚೆಲ್ಲದೆ ಕುಡಿದೆ, ಇನ್ನು ಮುಂದೆ ಕೆಂಪು ಕಂಡರೆ ಇದರದೇ ಕೆಂಪು, ಬೀಟ್‌ರೂಟೇ, ನೆರಿಡಾ ಹೇಳಿದ್ದೇ ನಿಜವಾಗುತ್ತದೆ, ಎಳೆ, ಹದಿನಾರು — ಆದರೆ ಆಗಲೇ ಕಂಡದ್ದು, ಇದಕ್ಕೂ ಮುಂಚಿನದು, ಬಿಳಿ ಬೋಗುಣಿ, ಚಹಾದ ಬಣ್ಣ, ಬಿಳಿ ಬೋಗುಣಿ, ಚಹಾದ —