ಡ್ರೈವರಮ್ಮನ ಸ್ಥಳ ಪರಿಶೀಲನೆ

ಡಿಪೋದ ಪ್ರತಿ ಬಸ್ಸಿನ ಬೆನ್ನ ಮೇಲೂ ಡ್ರೈವರಮ್ಮ ನಗುತ್ತಿದ್ದಳು. ಸ್ಟೇರಿಂಗ್ ಹಿಡಿದು ಕೂತ ದೊಡ್ಡ ಚಿತ್ರ, ಅದರ ಕೆಳಗೆ ‘ಸಮಾನತೆಯ ಹಾದಿಯಲ್ಲಿ ದೇಶ’ ಎಂಬ ದಪ್ಪ ಅಕ್ಷರ. ಆ ಬಸ್ಸುಗಳನ್ನೆಲ್ಲ ಗಂಡಸರು ಓಡಿಸುತ್ತಿದ್ದರು. ಡ್ರೈವರಮ್ಮ ವಿಚಾರಣೆ ಕೌಂಟರಿನ ಕಿಂಡಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಮೈಕಿನಲ್ಲಿ ಕೂಗುತ್ತಿದ್ದಳು.

ರಾಷ್ಟ್ರೀಯ ಮಹಿಳಾ ಸಮಾನತಾ ನೀತಿ ಹೊರಬಿದ್ದ ವರ್ಷವೇ ಅವಳ ನೇಮಕವಾಗಿತ್ತು. ಅಣ್ಣನ ಲಾರಿ ಓಡಿಸಿ ಪಳಗಿದ ಕೈ. ಪರೀಕ್ಷೆಯಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಫೋಟೋ ತೆಗೆದರು. ಬಸ್ಸು ಕೊಡುವುದನ್ನು ಮಾತ್ರ ಮರೆತರು. ಮೊದಮೊದಲು ಅವಳ ಅಳತೆಯ ಸಮವಸ್ತ್ರ ಬಂದಿಲ್ಲವೆಂದರು. ಅದು ಬಂದಾಗ, ಕೊನೆ ಸ್ಟಾಪಿನ ವಿಶ್ರಾಂತಿ ಕೋಣೆಗೆ ಚಿಲಕವಿಲ್ಲವೆಂದರು. ಆಮೇಲೆ ಹೆಂಗಸನ್ನು ಕಂಡರೆ ಪ್ರಯಾಣಿಕರು ಹೆದರಿ ಇಳಿದುಬಿಡುತ್ತಾರೆ ಎಂಬ ಮಾತು ಬಂತು. ಕೊನೆಗೆ ಇದೆಲ್ಲ ಅವಳ ಒಳ್ಳೆಯದಕ್ಕೇ ಎಂದು ಡಿಪೋ ಮ್ಯಾನೇಜರು ತಂದೆಯ ದನಿಯಲ್ಲಿ ತಿಳಿಹೇಳಿದರು. ಅವರು ಅವಳಿಗಿಂತ ಎರಡು ವರ್ಷ ಚಿಕ್ಕವರು.

ಇನ್ನು ಮೂರು ತಿಂಗಳಲ್ಲಿ ಅವಳ ಪ್ರೊಬೇಷನ್ ಮುಗಿಯುವುದಿತ್ತು. ಅಷ್ಟರೊಳಗೆ ಒಂದು ತಿಂಗಳಾದರೂ ಬಸ್ಸು ಓಡಿಸಿದ ದಾಖಲೆ ಇರದಿದ್ದರೆ ಅವಳು ಕಾಯಂ ಆಗಿ ಕೌಂಟರಿನವಳು. ಚಾಲಕಿಯ ಹುದ್ದೆ ಕೈತಪ್ಪಿದ ಹಾಗೆಯೇ. ದಿನಾ ಸಂಜೆ ಅತ್ತೆ ಬಾಗಿಲಲ್ಲೇ ಕಾದಿದ್ದು ವಿಚಾರಿಸುತ್ತಿದ್ದರು.

“ಇವತ್ತಾದ್ರೂ ಕೊಟ್ರೇನೇ?”

“ಇಲ್ಲ ಅತ್ತೆ.”

“ನಿನ್ನ ಫೋಟೋ ಊರೆಲ್ಲಾ ಸುತ್ತುತ್ತೆ, ನೀನು ಕೂತಲ್ಲೇ ಬೇರು ಬಿಡ್ತೀಯ ನೋಡು.”

ನೀತಿಯ ಪ್ರಕಾರ ಪ್ರತಿ ಡಿಪೋಗೂ ಒಂದು ಸಮಾನತಾ ಸಮಿತಿ ಬೇಕು, ಅದಕ್ಕೆ ಮಹಿಳೆಯೇ ಅಧ್ಯಕ್ಷೆಯಾಗಬೇಕು. ಇಡೀ ಡಿಪೋದಲ್ಲಿ ಇದ್ದವಳು ಒಬ್ಬಳೇ ಹೆಂಗಸಾದ್ದರಿಂದ ಆ ಪಟ್ಟವೂ ಡ್ರೈವರಮ್ಮನ ತಲೆಗೇ ಬಂದಿತ್ತು. ಮ್ಯಾನೇಜರು, ಲೆಕ್ಕದ ಗುಮಾಸ್ತರು, ಹೆಡ್ ಮೆಕ್ಯಾನಿಕ್ ಸದಸ್ಯರು. ಮೊದಲ ಸಭೆಯಲ್ಲಿ ಸಮಿತಿಯ ಬೋರ್ಡಿಗೆ ಯಾವ ಬಣ್ಣ ಬಳಿಯಬೇಕೆಂಬ ಗಂಭೀರ ಚರ್ಚೆ ನಡೆದು, ಗುಲಾಬಿ ಎಂದು ಒಮ್ಮತವಾಯಿತು. ಎರಡನೆಯ ಸಭೆ ನಡೆಯಲಿಲ್ಲ. ಹೆಂಗಸರ ಸಮಸ್ಯೆಗಳನ್ನು ಇದಕ್ಕಿಂತ ಬೇಗ ಬಗೆಹರಿಸಿದ ದೇಶ ಇನ್ನೊಂದಿರಲಾರದು.

ಹೀಗಿರುವಾಗ ಹೆಡ್ ಆಫೀಸಿನಿಂದ ಬಿಸಿ ತಾಗಿತು. ವರ್ಷವಿಡೀ ಒಂದೂ ದೂರು ಕೈಗೆತ್ತಿಕೊಳ್ಳದ ಡಿಪೋದ ಮ್ಯಾನೇಜರಿಗೆ ಬಡ್ತಿ ಇಲ್ಲ ಎಂದರು. ಮರುದಿನ ಬೆಳಗ್ಗೆ ಮ್ಯಾನೇಜರು ಕೌಂಟರಿನ ಕಿಂಡಿಗೆ ಮುಖವಿಟ್ಟು ಹಲ್ಲು ಗಿಂಜಿದರು.

“ಅಮ್ಮಾ, ಒಂದು ದೂರು ಬೇಕಿತ್ತಲ್ಲ.”

“ಯಾರ ಮೇಲೆ ಸಾರ್?”

“ಯಾರ ಮೇಲೂ ಬೇಡ. ಸುಮ್ನೆ, ಸಣ್ಣದು. ಫ್ಯಾನ್ ಸದ್ದು ಮಾಡುತ್ತೆ, ಕನ್ನಡಿ ಇಲ್ಲ, ಅಂಥದ್ದು. ನೀವೇ ಕಂಪ್ಯೂಟರಿಗೆ ಹಾಕ್ಬಿಡಿ. ಕನ್ನಡಿ ತರಿಸೋಣ, ಕೈತೊಳ್ಕೊಳ್ಳೋಣ.”

ಅವಳು ಅವರ ಮಾತಿನಂತೆಯೇ ಕಂಪ್ಯೂಟರಿಗೆ ಹಾಕಿದಳು. ಹಾಕಿದ್ದು ಮಾತ್ರ ಕನ್ನಡಿಯ ವಿಷಯವಲ್ಲ. ಚಾಲಕಿಯಾಗಿ ಸೇರಿದ ತನಗೆ ಹೆಣ್ಣೆಂಬ ಕಾರಣಕ್ಕೆ ಇಂದಿನವರೆಗೂ ಬಸ್ಸು ಕೊಟ್ಟಿಲ್ಲ ಎಂದು ಬರೆದು ಗುಂಡಿ ಒತ್ತಿದಳು. ಹೆಡ್ ಆಫೀಸಿನವರು ಮಧ್ಯಾಹ್ನದೊಳಗೆ ಮ್ಯಾನೇಜರಿಗೆ ಫೋನು ಮಾಡಿ, ದೂರು ತಲುಪಿತು, ಬಹಳ ಸಂತೋಷ, ಸಮಿತಿ ವಿಚಾರಣೆ ನಡೆಸಲಿ ಎಂದು ಅಭಿನಂದಿಸಿದರು. ಮ್ಯಾನೇಜರು ಇಂಗು ತಿಂದ ಮಂಗನಂತಾದರು.

ಗುಲಾಬಿ ಬೋರ್ಡಿನ ಕೆಳಗೆ ಸಭೆ ಸೇರಿತು. ದೂರು ಕೊಟ್ಟವಳೇ ನ್ಯಾಯ ಹೇಳುವುದು ಎಲ್ಲಿಯ ಕ್ರಮ ಎಂದು ಮ್ಯಾನೇಜರು ಪಟ್ಟು ಹಿಡಿದರು. ಹಾಗಾದರೆ ಬೇರೆ ಮಹಿಳೆಯನ್ನು ಕೂರಿಸಿ, ತಾನು ಏಳುತ್ತೇನೆ ಎಂದಳು ಡ್ರೈವರಮ್ಮ. ಗುಮಾಸ್ತರು ಕನ್ನಡಕದ ಮೇಲಿಂದ ಡಿಪೋವನ್ನೊಮ್ಮೆ ಕಣ್ಣಲ್ಲೇ ಜಾಲಾಡಿ, ಬೇರೆ ಯಾರನ್ನೂ ನಾವು ತಗೊಂಡೇ ಇಲ್ಲವಲ್ಲ ಸಾರ್ ಎಂದರು.

“ತೀರ್ಪು ಹೆಡ್ ಆಫೀಸ್ ಕೊಡಲಿ ಸಾರ್,” ಎಂದಳು ಅವಳು. “ಸ್ಥಳ ಪರಿಶೀಲನೆ ಮಾಡಿ ವರದಿ ಕಳಿಸೋದು ಅಧ್ಯಕ್ಷೆ ಕೆಲಸ ಅಂತ ನೀತೀಲಿದೆ. ನಾವು ಅಷ್ಟು ಮಾಡಿದ್ರೆ ಸಾಕು.”

ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಪರಿಶೀಲನೆಯಂಥ ನಿರುಪದ್ರವಿ ವಸ್ತು ಸರ್ಕಾರದಲ್ಲಿ ಇನ್ನೊಂದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆ ಸ್ಟಾಪಿಗೆ ಹೋಗಿ, ಚಿಲಕವಿಲ್ಲದ ಬಾಗಿಲು ನೋಡಿ, ಮರುಗಿ, ವಾಪಸು ಬಂದರಾಯಿತು. ಕೂಡಲೇ ಒಪ್ಪಿದರು. ಅಂಗಳದಲ್ಲಿ ಬದಲಿ ಬಸ್ಸೊಂದು ನಿಂತಿತ್ತು. ಮೂವರು ಸದಸ್ಯರೂ ಹತ್ತಿ ಕೂತರು. ಅಧ್ಯಕ್ಷೆ ಮುಂದಿನ ಬಾಗಿಲಿನಿಂದ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು, ಸೀಟನ್ನು ತನ್ನ ಕಾಲಿಗೆ ಸರಿಮಾಡಿಕೊಂಡಳು.

“ಇದೇನಿದು? ಡ್ರೈವರ್ ಎಲ್ಲಿ?” ಎಂದರು ಮ್ಯಾನೇಜರು.

“ದೂರು ಇರೋದೇ ಅದರ ಬಗ್ಗೆ ಅಲ್ವಾ ಸಾರ್,” ಎಂದ ಹೆಡ್ ಮೆಕ್ಯಾನಿಕ್, ಕಿಟಕಿಯಾಚೆ ನೋಡುತ್ತ. “ಇನ್ನು ಯಾರನ್ನ ಕೂರಿಸಿ ಪರಿಶೀಲನೆ ಮಾಡೋದು?”

ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಡ್ರೈವರ್ ನಂಬರ್ ಕೇಳಿದ. ಕೆಲಸಕ್ಕೆ ಸೇರಿದಾಗ ಕೊಟ್ಟ ನಂಬರನ್ನು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಅವನು ಅದನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡು ಗೇಟು ತೆಗೆದ. ಬಸ್ಸು ಸೆಟೆದು ನಿಂತ ಕುದುರೆಯಂತೆ ಒಮ್ಮೆ ಕೊಸರಿ, ಆಮೇಲೆ ಅವಳ ಕೈಯ ಮಾತು ಕೇಳಿತು. ಅವಳು ಎರಡೂ ಬದಿಯ ಕನ್ನಡಿಗಳನ್ನು ಮತ್ತೆ ಮತ್ತೆ ನೋಡಿಕೊಂಡಳು. ಇಲ್ಲೊಂದು ಸಣ್ಣ ಗೀರು ಬಿದ್ದರೂ ಅದು ತನ್ನ ತಪ್ಪಾಗದೆ ಹೆಣ್ಣುಕುಲದ ತಪ್ಪಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮೊದಲ ಸ್ಟಾಪಿನಲ್ಲಿ ಜನ ಕೈ ಅಡ್ಡ ಹಾಕಿದರು. ಅವಳು ನಿಲ್ಲಿಸಿದಳು. ಗುಮಾಸ್ತರು ವಿಧಿಯಿಲ್ಲದೆ ಟಿಕೆಟ್ ಕೊಡಲು ಎದ್ದರು. ಪ್ರಯಾಣಿಕರು ಹೆದರಿ ಇಳಿಯುವುದನ್ನು ಮ್ಯಾನೇಜರು ಕಂಬಿ ಹಿಡಿದು ಕಾದರು. ಕಿಟಕಿ ಪಕ್ಕದ ಸೀಟಿಗಾಗಿ ಕಚ್ಚಾಡುತ್ತಿದ್ದ ಜನಕ್ಕೆ ಬಸ್ಸನ್ನು ಯಾರು ಓಡಿಸುತ್ತಿದ್ದಾರೆಂದು ನೋಡಲು ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಮಾತ್ರ ಮ್ಯಾನೇಜರನ್ನೇ ದಿಟ್ಟಿಸಿದಳು.

“ಯಾಕಪ್ಪಾ ಹಿಂಗೆ ಬೆವರ್ತಿದೀಯ? ಬಸ್ ಹತ್ತಿದ್ದು ಇದೇ ಮೊದಲಾ?”

ಕೊನೆ ಸ್ಟಾಪು ಬಂತು. ವಿಶ್ರಾಂತಿ ಕೋಣೆಯ ಬಾಗಿಲನ್ನು ಸಮಿತಿ ಸಾಲಾಗಿ ನಿಂತು ನೋಡಿತು. ಮೆಕ್ಯಾನಿಕ್ ತನ್ನ ಚೀಲದಿಂದ ಹಳೆಯ ಚಿಲಕವೊಂದನ್ನು ತೆಗೆದು, ಮ್ಯಾನೇಜರು ಮರುಗಿ ಮುಗಿಸುವುದರೊಳಗೆ ಸ್ಕ್ರೂ ಬಿಗಿದ. ಇಷ್ಟು ದಿನ ಒಂದು ಹುದ್ದೆಯನ್ನು ತಡೆದು ನಿಲ್ಲಿಸಿದ್ದ ರಾಷ್ಟ್ರೀಯ ಸಮಸ್ಯೆಗೆ ನಾಲ್ಕು ಸ್ಕ್ರೂ ಸಾಕಾಯಿತು.

ಡಿಪೋಗೆ ಮರಳಿದ ಮೇಲೆ ಮ್ಯಾನೇಜರು ಕೈ ಚಾಚಿದರು. “ಆಯ್ತಲ್ಲಮ್ಮ, ಮುಗೀತು. ಕೀ ಕೊಡಿ.”

“ಇವತ್ತಿಂದು ಮುಗೀತು ಸಾರ್. ಬೆಳಗ್ಗೆ ಮೊದಲ ಟ್ರಿಪ್ ಹೇಗಿರುತ್ತೆ, ನೋಡಿಲ್ಲ. ಮಳೆ ಬಂದ್ರೆ ಹೇಗೆ, ಸ್ಕೂಲ್ ಬಿಡೋ ಹೊತ್ತಿಗೆ ಜನ ತುಂಬಿದ್ರೆ ಹೇಗೆ, ಅದೂ ನೋಡ್ಬೇಕು. ಅರ್ಧಂಬರ್ಧ ವರದಿ ಕಳಿಸಿದ್ರೆ ನಿಮ್ಮ ಬಡ್ತಿಗೇ ತೊಂದರೆ.”

ಮ್ಯಾನೇಜರು ಗುಮಾಸ್ತರತ್ತ ತಿರುಗಿ, ಪರಿಶೀಲನೆಯನ್ನು ಎಷ್ಟು ದಿನದೊಳಗೆ ಮುಗಿಸಬೇಕೆಂದು ನೀತಿ ಹೇಳುತ್ತದೆಂದು ಕೇಳಿದರು. ಗುಮಾಸ್ತರು ನೀತಿಯ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಅವಧಿ ಎಲ್ಲೂ ಇರಲಿಲ್ಲ. ನೀತಿ ಬರೆದ ಮಹನೀಯರು, ಯಾರಾದರೂ ಒಂದು ದಿನ ಪರಿಶೀಲನೆಗೆ ನಿಜವಾಗಿಯೂ ಹೊರಟಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಹಾಗಾದ್ರೆ ಇನ್ನೆಷ್ಟು ದಿನಾ ನಡೆಸ್ತೀರಿ ಇದನ್ನ?”

“ಸದ್ಯಕ್ಕೆ ಒಂದು ತಿಂಗಳು,” ಎಂದಳು ಡ್ರೈವರಮ್ಮ, ಕೀಲಿಯನ್ನು ಸಮವಸ್ತ್ರದ ಜೇಬಿಗೆ ಇಳಿಸುತ್ತ. “ಬೆಳಗ್ಗೆ ಆರಕ್ಕೆ ಹೊರಡೋದು. ನೀವು ಬಂದ್ರೂ ಸರಿ, ಬರದಿದ್ರೂ ಸರಿ.”