ಎದುರು ಕೂರದ ಟೀಚರು

ಅವರು ಯಾರ ಎದುರಿಗೂ ಕೂರುತ್ತಿರಲಿಲ್ಲ. ಮೂರು ವರ್ಷದ ಕೂಸಿರಲಿ, ಮೂರು ಪದವಿ ಹೊತ್ತ ತಂದೆಯಿರಲಿ, ತಪಾಸಣೆಗೆಂದು ಬಂದ ಮೇಲಧಿಕಾರಿಯಿರಲಿ, ಅವರದು ಒಂದೇ ಪದ್ಧತಿ: ಬಂದವರ ಮಗ್ಗುಲಿಗೆ, ಒಂದು ಮೊಳ ಜಾಗ ಬಿಟ್ಟು, ಇಬ್ಬರ ಮುಖವೂ ಒಂದೇ ದಿಕ್ಕಿಗಿರುವಂತೆ ಕೂತುಬಿಡುವುದು. ಅಧಿಕಾರಿ ತಮ್ಮ ಕುರ್ಚಿಯನ್ನು ಇವರತ್ತ ತಿರುಗಿಸಿಕೊಂಡರೆ ಇವರೂ ತಮ್ಮದನ್ನು ಅಷ್ಟೇ ತಿರುಗಿಸಿಕೊಳ್ಳುತ್ತಿದ್ದರಂತೆ. ಹೀಗೆ ಸುತ್ತುತ್ತ ಸುತ್ತುತ್ತ ಕೊನೆಗೆ ಇಬ್ಬರೂ ಗೋಡೆಗೆ ಮುಖಮಾಡಿ ವರದಿ ಮುಗಿಸಿದ ಪ್ರಸಂಗವನ್ನು ಮಾತು ತಡವಾದ ಮಕ್ಕಳಿಗೆ ಅವರು ಕಲಿಸುತ್ತಿದ್ದ ಕೇಂದ್ರದ ಗುಮಾಸ್ತ ಅಭಿನಯಿಸಿಯೇ ತೋರಿಸುತ್ತಿದ್ದ. ಮಕ್ಕಳ ತಾಯಂದಿರು ಅವರಿಗಿಟ್ಟ ಹೆಸರು ‘ಪಕ್ಕದ ಟೀಚರು’. ಹೊಸಬರು ಇದನ್ನು ಕೇಳಿ, ನೆರೆಮನೆಯವರಿರಬೇಕೆಂದುಕೊಂಡು, “ಪಕ್ಕದ ಅಂದ್ರೆ ಎಡಕ್ಕೋ ಬಲಕ್ಕೋ?” ಎಂದು ವಿಚಾರಿಸುವುದೂ ಇತ್ತು.

ನಾನು ನೋಡುವ ಹೊತ್ತಿಗೆ ಅವರಿಗೆ ಐವತ್ತೆಂಟರ ಪ್ರಾಯ. ದಿನವಿಡೀ ನೆಲದಲ್ಲಿ ಕೂತೆದ್ದು ಮಂಡಿಗಳು ಅವರ ಮೇಲೆ ಮುನಿಸಿಕೊಂಡಿದ್ದವು. ಮೆಟ್ಟಿಲಿಳಿಯುವಾಗ ಏಡಿಯ ಹಾಗೆ ಅಡ್ಡಡ್ಡಲಾಗಿ, ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ಮೈಮೇಲೆ ಸದಾ ಒಂದು ಬೂದುಬಣ್ಣದ ಹತ್ತಿಯ ಕೋಟು. ಅದರ ಹೊಲಿಗೆ ಬಿಟ್ಟಲ್ಲೆಲ್ಲ ಕೈಗೆ ಸಿಕ್ಕಿದ ಬಣ್ಣದ ದಾರ ಹಾಕಿ ತಾವೇ ಹೊಲಿದುಕೊಂಡಿದ್ದರು. ನಾಲ್ಕು ಜೇಬುಗಳ ತುಂಬ ಬುಗುರಿ, ಬಟ್ಟೆ ಒಣಹಾಕುವ ಕ್ಲಿಪ್ಪು, ಸೋಪಿನ ಗುಳ್ಳೆ ಊದುವ ಡಬ್ಬಿ, ಕೀಲಿ ಕೊಟ್ಟರೆ ಓಡುವ ತಗಡಿನ ಬಾತುಕೋಳಿ. ನಡೆದರೆ ಪಾತ್ರೆ ಅಂಗಡಿಯೇ ನಡೆದುಬಂದಂತೆ ಸದ್ದು.

ಎಲ್ಲಕ್ಕಿಂತ ವಿಚಿತ್ರವಾದದ್ದು ಅವರ ಮೌನ. ಒಂದು ಮಾತು ಆಡಿದರೆಂದರೆ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ನಡೆಯತೊಡಗುತ್ತಿತ್ತು. ಹತ್ತು ಎಣಿಸಿ ಮುಗಿಯುವವರೆಗೆ ಎರಡನೆಯ ಮಾತಿಲ್ಲ. ಈ ಮಕ್ಕಳ ಕಿವಿಗೆ ಬಿದ್ದ ಶಬ್ದ ಮನಸ್ಸಿಗಿಳಿದು, ಉತ್ತರವಾಗಿ ಮೇಲೆ ಬರಲು ಅಷ್ಟು ಹೊತ್ತು ಬೇಕು, ನಡುವೆ ನಾವು ಇನ್ನೊಂದು ಮಾತು ಎಸೆದರೆ ಮೊದಲಿನದೂ ಚೆಲ್ಲಿಹೋಗುತ್ತದೆ ಎಂಬುದು ಅವರ ಶಾಸ್ತ್ರ. ಆದರೆ ಈ ಅಭ್ಯಾಸ ದೊಡ್ಡವರಿಗೂ ಅನ್ವಯಿಸಿ, ಫೋನು ಮಾಡಿದವರು ಲೈನು ಕಟ್ಟಾಯಿತೆಂದು ಇಟ್ಟುಬಿಡುತ್ತಿದ್ದರು.

ಇಂಥವರ ಬಳಿಗೆ ನಾನು ಹೋಗಬೇಕಾಗಿ ಬಂದದ್ದು ನನ್ನ ಮೊಮ್ಮಗಳಿಂದಾಗಿ. ನಾನು ಭಾಷೆಯ ಮೇಷ್ಟ್ರು. ಮೂವತ್ತಾರು ವರ್ಷ ಪಾಠ ಹೇಳಿದವನು. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಮೇಲೆ ವರ್ಷಕ್ಕೊಂದು ಪ್ರಬಂಧ ಬರೆಸಿದವನು. ನನ್ನ ಪುಟ್ಟಿಗೆ ಮೂರು ತುಂಬಿದರೂ ಒಂದು ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವವರೆಗೆ ಒಂದೇ ಸ್ವರದಲ್ಲಿ ಗುನುಗುತ್ತಿದ್ದಳು. ಡಾಕ್ಟರು ಆಟಿಸಂ ಎಂದರು. ಸಣ್ಣ ವಯಸ್ಸಿನಲ್ಲೇ ಶುರುಮಾಡಿದರೆ ಒಳ್ಳೆಯದೆಂದು ಈ ಕೇಂದ್ರದ ವಿಳಾಸ ಕೊಟ್ಟರು. ಮಗಳು ಅತ್ತು ಮುಗಿಸಿ, ಮುಖ ತೊಳೆದು, ಮರುದಿನವೇ ಹೆಸರು ಬರೆಸಿದಳು. ನಾನು ಅಳಲಿಲ್ಲ, ನಾಚಿಕೆಪಟ್ಟೆ. ಭಾನುವಾರ ಮಧ್ಯಾಹ್ನ ಹರಟೆಗೆ ಗೆಳೆಯರು ಬಂದರೆ ಒಳಕೋಣೆಯ ಬಾಗಿಲೆಳೆದು “ಮಗು ಮಲಗಿದೆ” ಎನ್ನುತ್ತಿದ್ದೆ. ಒಳಗಿನಿಂದ ಗುನುಗು ಕೇಳಿಸುತ್ತಿತ್ತು. “ನಿಮ್ಮ ಮೊಮ್ಮಗಳು ನಿದ್ದೆಯಲ್ಲೂ ಹಾಡ್ತಾಳಲ್ಲ ಸ್ವಾಮಿ” ಎಂದು ಒಬ್ಬ ಗೆಳೆಯ ನಗೆಯಾಡಿದ. ನಾನೂ ನಕ್ಕೆ.

ಬುಧವಾರ ಮಗಳಿಗೆ ಆಫೀಸಿನಲ್ಲಿ ರಜೆ ಸಿಗುತ್ತಿರಲಿಲ್ಲವಾದ್ದರಿಂದ ಪುಟ್ಟಿಯನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ, ಟೀಚರು ಆ ಹಾಳು ಮುಚ್ಚಳವನ್ನು ಕಿತ್ತಿಟ್ಟು ಪಾಠ ಶುರುಮಾಡುತ್ತಾರೆಂದು ಕಾದೆ. ಅವರು ಪುಟ್ಟಿಯ ಪಕ್ಕ ಕೂತು ಕೋಟಿನ ಜೇಬಿನಿಂದ ಇನ್ನೊಂದು ಮುಚ್ಚಳ ತೆಗೆದು ತಾವೂ ಗಿರ್ರನೆ ತಿರುಗಿಸಿದರು. ಮುಕ್ಕಾಲು ಗಂಟೆ ಇದೇ ನಡೆಯಿತು. ಸರಿಹೋಯಿತು, ಒಬ್ಬಳಿದ್ದಲ್ಲಿ ಇಬ್ಬರಾದರು ಎಂದುಕೊಂಡೆ. ಮೂರನೆಯ ವಾರ ಅವರು ಮುಚ್ಚಳ ಹಿಡಿದು ಸುಮ್ಮನೆ ಕೂತರು. ಪುಟ್ಟಿ ಕಾದಳು. ಹೆಬ್ಬೆರಳು ಗೆಣ್ಣುಗಳ ಮೇಲೆ ನಡೆಯುತ್ತಿತ್ತು. ಆರೋ ಏಳೋ ಆಗಿರಬೇಕು, ಪುಟ್ಟಿ ಕೈಚಾಚಿ ಅವರ ಕೈಯನ್ನು ಹಿಡಿದು ಮುಚ್ಚಳದ ಮೇಲಿಟ್ಟಳು. “ತಿರುಗು” ಎಂದು ಒಂದೇ ಒಂದು ಪದ ಹೇಳಿ ಅವರು ತಿರುಗಿಸಿದರು.

“ನೋಡಿದ್ರಾ ಮೇಷ್ಟ್ರೇ? ಪುಟ್ಟಿ ಕೇಳಿದಳು” ಎಂದರು ಟೀಚರು.

“ಏನೂ ಹೇಳಲೇ ಇಲ್ವಲ್ಲ?”

“ಬಾಯಲ್ಲಿ ಹೇಳಲಿಲ್ಲ. ಕೇಳಿದ್ದಂತೂ ಕೇಳಿದಳು.”

ಮನೆಯಲ್ಲೂ ಹೀಗೇ ಮಾಡಿ ಎಂದು ಮಗಳಿಗೆ ಬರೆದು ಕಳಿಸುತ್ತಿದ್ದರು: ಅವಳ ಆಟಕ್ಕೆ ನೀವು ಸೇರಿ, ನಿಮ್ಮ ಆಟಕ್ಕೆ ಅವಳನ್ನು ಎಳೆಯಬೇಡಿ, ಒಂದು ಸಲಕ್ಕೆ ಒಂದು ಪದ, ಕೈ ದೂಡಿದರೂ ಅದು ಮಾತೇ, ಉತ್ತರ ಕೊಡಿ. ನನಗೆ ಇದೆಲ್ಲ ಆಮೆಯ ನಡಿಗೆಯೆನಿಸಿ, “‘ಅಜ್ಜ’ ಅನ್ನೋದು ಯಾವಾಗ ಬರುತ್ತೆ ಟೀಚರ್?” ಎಂದು ಕೇಳಿದೆ. ಅವರು ಹತ್ತು ಎಣಿಸಿ ಹೇಳಿದರು: “ಮೊದ್ಲು ‘ಬೇಡ’ ಅನ್ನೋದು ಬರ್ಲಿ. ‘ಬೇಡ’ ಅನ್ನೋಕೆ ಬರದೇ ಇರೋ ಮಗು ‘ಅಜ್ಜ’ ಅಂದ್ರೆ ಅದು ಮಾತಲ್ಲ, ನಮಗೆ ಮಾಡೋ ಕೂಲಿ.”

ಈ ಮಾತು ಅರ್ಥವಾಗುವಷ್ಟು ತಾಳ್ಮೆ ನನಗಿರಲಿಲ್ಲ. ಗೆಳೆಯನೊಬ್ಬನಿಗೆ ಫೋನಿನಲ್ಲಿ, ಮೊಮ್ಮಗಳು ಮಾತು ಶುರುಮಾಡಿದ್ದಾಳೆಂದು ಬಡಾಯಿ ಕೊಚ್ಚಿದ್ದೆ. ಅವನು ಕೇಳಲು ಭಾನುವಾರ ಬರುತ್ತೇನೆಂದ. ಆ ಬುಧವಾರ ಕೇಂದ್ರದ ಪಡಸಾಲೆಯಲ್ಲಿ, ನಮ್ಮ ಸರದಿಗೆ ಇನ್ನೂ ಕಾಲು ಗಂಟೆಯಿದ್ದಾಗ, ನಾನು ಪುಟ್ಟಿಯ ಎದುರು ಮೊಣಕಾಲೂರಿ ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಇನ್ನೊಂದು ಕೈಯಿಂದ ಅವಳ ಗದ್ದ ಹಿಡಿದೆತ್ತಿ, “ನೋಡು. ನನ್ನ ಕಣ್ಣು ನೋಡು. ಅ-ಜ್ಜ. ಹೇಳು, ಕೊಡ್ತೀನಿ” ಎನ್ನತೊಡಗಿದೆ. ಮಗು ಅಳಲಿಲ್ಲ. ಕಣ್ಣುಗುಡ್ಡೆಗಳು ಮಾತ್ರ ನನ್ನಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗಿ ಮೂಲೆ ಸೇರಿದ್ದವು. ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿದೆ.

“ಕೈ ತೆಗೀರಿ!”

ಆ ದನಿ ಪಕ್ಕದ ಟೀಚರದೆಂದು ನಂಬಲಿಕ್ಕಾಗಲಿಲ್ಲ. ಗುಮಾಸ್ತನ ಕಂಪ್ಯೂಟರಿನ ಟಕಟಕ ನಿಂತಿತು. ನನ್ನ ಕೈ ತಾನಾಗಿಯೇ ಬಿದ್ದುಹೋಯಿತು. ಪುಟ್ಟಿ ಬೆಂಚಿನ ಕೆಳಗೆ ನುಸುಳಿದಳು. ಟೀಚರು ಅವಳನ್ನು ಎಳೆಯಲಿಲ್ಲ, ಮುದ್ದಿಸಲೂ ಇಲ್ಲ. ಬೆಂಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಸೋಪಿನ ಗುಳ್ಳೆ ಊದತೊಡಗಿದರು. ಪುಟ್ಟಿ ತಾನಾಗಿ ಹೊರಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಅಂದು ಪಾಠ ಮುಗಿದ ಮೇಲೆ, ಪುಟ್ಟಿ ಹೊರಗಿನ ಇಳಿಜಾರಿನಲ್ಲಿ ಮುಚ್ಚಳ ಉರುಳಿಸಿಕೊಂಡಿದ್ದಾಗ, ಟೀಚರು ಮೆಟ್ಟಿಲಿನ ಮೇಲೆ ನನ್ನ ಪಕ್ಕ ಬಂದು ಕೂತರು.

“ಕೂಗಿದ್ದು ನಿಮ್ಮ ಮೇಲಲ್ಲ” ಎಂದರು. ಹತ್ತು ಎಣಿಸಿದರು. “ನನ್ನ ಮೇಲೆ.”

ಅವರು ಹೇಳಿದ್ದಿಷ್ಟು. ಮೂವತ್ತೈದರ ಪ್ರಾಯದಲ್ಲಿ ಅವರು ಆ ವೃತ್ತಿಯಲ್ಲಿ ಹೆಸರುವಾಸಿ. ಆಗ ಅವರ ಕೋಣೆಯಲ್ಲಿ ಎದುರುಬದುರು ಎರಡು ಪುಟ್ಟ ಕುರ್ಚಿ, ನಡುವೆ ಮೇಜು. ಮಗು ಎದ್ದು ಹೋಗದಂತೆ ಕುರ್ಚಿಯನ್ನು ಗೋಡೆಗೊತ್ತಿ ಮೇಜನ್ನು ಹೊಟ್ಟೆಯವರೆಗೆ ತಳ್ಳುತ್ತಿದ್ದರು. ಗದ್ದ ಹಿಡಿದೆತ್ತಿ “ನೋಡು” ಎನ್ನುವುದು. ನೋಡಿದರೆ ಬಿಸ್ಕತ್ತು, ನೋಡದಿದ್ದರೆ ಮತ್ತೆ ಗದ್ದ. ದಿನಕ್ಕೆ ನೂರು ಸಲ, ಇನ್ನೂರು ಸಲ. ಅವರು ಕಲಿತದ್ದು ಹಾಗೆ, ಮಾಡಿದ್ದು ಶ್ರದ್ಧೆಯಿಂದ. ನಾಲ್ಕು ವರ್ಷದ ಒಬ್ಬ ಹುಡುಗಿ ಅವರ ಕೈಯಲ್ಲಿ ಒಂದೇ ವರ್ಷದಲ್ಲಿ “ನಿನ್ನ ಹೆಸರೇನು?” ಎಂದರೆ ಕಣ್ಣಿಗೆ ಕಣ್ಣಿಟ್ಟು ಹೆಸರು ಹೇಳುವಂತಾದಳು. ಅವಳನ್ನು ವೇದಿಕೆ ಹತ್ತಿಸಿದರು. ಜನ ಚಪ್ಪಾಳೆ ತಟ್ಟಿದರು. ತಾಯಿ ಇವರ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಹದಿನೈದು ವರ್ಷದ ಮೇಲೆ ಒಂದು ಬಟ್ಟೆ ಅಂಗಡಿಯಲ್ಲಿ ಆ ತಾಯಿಮಗಳು ಎದುರಾದರು. ತಾಯಿ ಸಂಭ್ರಮದಿಂದ, “ಯಾರು ಬಂದಿದ್ದಾರೆ ನೋಡೇ! ಟೀಚರ್ ಕಣೇ!” ಎಂದಳು. ಹತ್ತೊಂಬತ್ತರ ಹುಡುಗಿ, ಇವರಷ್ಟೇ ಎತ್ತರ, ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು. ಒಂದು ಹೆಜ್ಜೆ ಮುಂದೆ ಬಂದು, ಕಣ್ಣು ಬಿಗಿಯಾಗಿ ಮುಚ್ಚಿ, ತನ್ನ ಗದ್ದವನ್ನು ತಾನೇ ಮೇಲಕ್ಕೆತ್ತಿ, ಹಿಡಿಯುವ ಕೈಗಾಗಿ ಕಾಯುತ್ತ ನಿಂತಳು.

“ತಾಯಿ ನಕ್ಕರು ಮೇಷ್ಟ್ರೇ. ‘ನೋಡಿ ಟೀಚರ್, ಇನ್ನೂ ಮರೆತಿಲ್ಲ’ ಅಂದ್ರು.”

ಆಮೇಲೆ ಆರು ತಿಂಗಳು ಅವರು ಕೆಲಸಕ್ಕೆ ಹೋಗಲಿಲ್ಲ. ಹೋದದ್ದು ತಮಗಿಂತ ಇಪ್ಪತ್ತು ವರ್ಷ ಚಿಕ್ಕವಳೊಬ್ಬಳ ತರಗತಿಗೆ, ಶಿಷ್ಯೆಯಾಗಿ. ನೆಲದ ಮೇಲೆ ಕೂರುವುದನ್ನು, ಕಾಯುವುದನ್ನು, ಹತ್ತು ಎಣಿಸುವುದನ್ನು ಅಲ್ಲಿ ಮೊದಲಿನಿಂದ ಕಲಿತರು. ಕಲಿತ ಮೇಲೆ ಬಟ್ಟೆ ಅಂಗಡಿಯಲ್ಲಿ ಕಂಡ ಆ ಹುಡುಗಿಯ ಮನೆಗೆ ಕ್ಷಮೆ ಕೇಳಲು ಹೋದರು. ಕೇಳಿಸಿಕೊಂಡ ತಾಯಿಯ ಮುಖ ಕಪ್ಪಿಟ್ಟಿತು. “ನೀವು ಮಾಡಿದ್ದು ತಪ್ಪು ಅಂದ್ರೆ, ಪಕ್ಕದಲ್ಲಿ ಕೂತು ಬಿಸ್ಕತ್ತು ಮುರಿದು ಕೊಡ್ತಿದ್ದ ನಾನು ಏನು ಮಾಡಿದ ಹಾಗಾಯ್ತು? ನಿಮ್ಮ ಭಾರ ಇಳಿಸೋಕೆ ನನ್ನ ತಲೆನೇ ಬೇಕಿತ್ತಾ? ಇನ್ಮೇಲೆ ಬರಬೇಡಿ.”

“ಆಮೇಲೆ ಮತ್ತೆ ಹೋಗಲಿಲ್ಲವೇ?” ಎಂದೆ.

“ಇಲ್ಲ. ಬೇಡ ಅಂದಾಗ ನಿಲ್ಲೋದಾದ್ರೂ ಕಲಿತಿರಬೇಕಲ್ಲ ನಾನು.”

ಇಷ್ಟು ಕೇಳಿದ ಮೇಲೆ ನಾನು ಬದಲಾದೆ ಎಂದು ಬರೆಯಬೇಕೆಂದು ಆಸೆ. ನಿಜ ಬೇರೆ. ಆ ಭಾನುವಾರ ಗೆಳೆಯ ಬಂದಾಗ ನಾನು ಒಳಕೋಣೆಯ ಬಾಗಿಲೆಳೆದು, “ಈಗ ತಾನೇ ಮಲಗಿತು” ಎಂದೆ. ಅವನು ಹೋದ ಮೇಲೆ ಮಗಳು ಕಾಫಿ ಲೋಟ ಎತ್ತಿಕೊಳ್ಳುತ್ತ, ನನ್ನ ಮುಖ ನೋಡದೆ, “ಅಪ್ಪಾ, ನನ್ನ ಮಗಳು ಏನು ತಪ್ಪು ಮಾಡಿದ್ದಾಳೆ ಅಂತ ಬಚ್ಚಿಡ್ತೀಯ?” ಎಂದಳು. ಉತ್ತರಕ್ಕಾಗಿ ಅವಳೂ ಹತ್ತು ಎಣಿಸುವಷ್ಟು ಹೊತ್ತು ನಿಂತಿದ್ದಳು. ಆಮೇಲೆ ಲೋಟ ಹಿಡಿದು ಅಡುಗೆಮನೆಗೆ ಹೋದಳು.

ಮುಂದಿನ ಭಾನುವಾರ ಬಾಗಿಲೆಳೆಯಲಿಲ್ಲ. ಪುಟ್ಟಿ ಅದೇ ಗೆಳೆಯನ ಕಾಲ ಬಳಿಯೇ ಮುಚ್ಚಳ ತಿರುಗಿಸಿದಳು. ಅವನು ನನ್ನನ್ನು ನೋಡಿದ; ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಎರಡು ವರ್ಷದಿಂದ ಬರ್ತಿದ್ದೀನಲ್ಲೋ, ನನ್ನನ್ನ ಅಷ್ಟು ಪರಕೀಯ ಮಾಡಿಬಿಟ್ಟೆಯಾ?” ಎಂದ. ಮಗುವನ್ನು ಬಚ್ಚಿಡುವಾಗ ಇನ್ನೆಷ್ಟು ಜನರನ್ನು ಹೊರಗಿಟ್ಟಿದ್ದೆನೋ ಎಂದು ಹೊಸದಾಗಿ ನಾಚಿದೆ.

ತಿಂಗಳುಗಳು ಕಳೆದವು. ಪುಟ್ಟಿ ನೀರಿನ ಚಿತ್ರದ ಚೀಟಿ ತಂದುಕೊಟ್ಟು ನೀರು ಕೇಳಿದಳು. ಗುಳ್ಳೆ ಹಾರಿದಾಗ ಮೊದಲು ಗುಳ್ಳೆಯನ್ನೂ ಆಮೇಲೆ ಅಮ್ಮನ ಮುಖವನ್ನೂ, ನೀನೂ ನೋಡಿದೆಯಾ ಎಂಬಂತೆ, ನೋಡಿದಳು. ಆ ದಿನ ಮಗಳು ಆಫೀಸಿಗೇ ಹೋಗಲಿಲ್ಲ. ಒಂದು ಚಳಿಯ ಬೆಳಗ್ಗೆ ನಾನು ಅವಳಿಗೆ ಸ್ವೆಟರು ತೊಡಿಸುತ್ತಿದ್ದೆ. ಕತ್ತಿನ ಗುಂಡಿಗೆ ಕೈಹಾಕಿದಾಗ ನನ್ನ ಬೆರಳು ಗದ್ದಕ್ಕೆ ತಾಗಿರಬೇಕು. ಅವಳು ನನ್ನ ಕೈಯನ್ನು ದೂಡಿ, ಸ್ಪಷ್ಟವಾಗಿ, “ಬೇಡ” ಎಂದಳು.

ಅವಳ ಬಾಯಿಂದ ಬಂದ ಮೊದಲ ಮಾತು ಅದು. ಬಂದದ್ದು ನನ್ನ ಕೈಯ ವಿರುದ್ಧ. ಮಗಳು ಅಡುಗೆಮನೆಯಿಂದ ಓಡಿಬಂದು ನಕ್ಕಳು, ಅತ್ತಳು. ನಾನು ಆ ಸಂತೋಷದಲ್ಲಿ ಅರ್ಧವಷ್ಟೇ ಪಾಲು ಪಡೆಯಬಲ್ಲವನಾಗಿದ್ದೆ. ಬುಧವಾರ ಟೀಚರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: “ನೀವೇನು ಮಾಡಿದ್ರಿ?”

“ಕೈ ತೆಗೆದೆ.”

ಅವರ ಹೆಬ್ಬೆರಳು ಗೆಣ್ಣುಗಳ ಮೇಲೆ ನಡೆದು ಮುಗಿದು, ಮತ್ತೊಮ್ಮೆ ನಡೆಯಿತು. “ಹಾಗಾದ್ರೆ ಮಾತು ಬಂತು” ಎಂದರು.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಅವರು ವರ್ಷಕ್ಕೊಮ್ಮೆ ತರಬೇತಿ ಕೊಡುತ್ತಿದ್ದರು. ಒಂದು ಸಲ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೊದಲ ದಿನದ ಮೊದಲ ಪಾಠವೇ ತಮ್ಮ ತಪ್ಪು. ಕುರ್ಚಿ, ಮೇಜು, ಗದ್ದ, ಬಟ್ಟೆ ಅಂಗಡಿ, ಒಂದನ್ನೂ ಬಿಡದೆ, ಮೆರುಗು ಕೊಡದೆ ಹೇಳಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಅವಳು ನಿಮ್ಮನ್ನ ಕ್ಷಮಿಸಿರಬಹುದಲ್ವಾ ಮೇಡಂ?” ಎಂದಳು. ಟೀಚರು ಹತ್ತು ಎಣಿಸಿದರು. “ನಿನ್ನ ಹೆಸರೇನು ಅಂದ್ರೆ ಏನು ಹೇಳಬೇಕು ಅಂತ ಅವಳಿಗೆ ಕಲಿಸಿದ್ದೆ. ನಿಮ್ಮ ಮೇಲೆ ನನಗೆ ಸಿಟ್ಟು ಅಂತ ಹೇಳೋದನ್ನ ಕಲಿಸಿರಲಿಲ್ಲ. ನನಗೆ ಹೇಗೆ ಗೊತ್ತಾಗುತ್ತಮ್ಮ?”

ಕೇಡನ್ನು ಬಯಸಿ ಮಾಡಿದವರಿಗೆ ಶಿಕ್ಷೆಯಿದೆ, ಅರಿಯದೆ ಮಾಡಿದವರಿಗೆ ಕ್ಷಮೆಯಿದೆ. ಆದರೆ ಒಳಿತೆಂದೇ ನಂಬಿ, ಚಪ್ಪಾಳೆಯ ನಡುವೆ ಕೇಡು ಮಾಡಿ, ಅದನ್ನು ತಾವಾಗಿಯೇ ಕಂಡುಕೊಂಡವರಿಗೆ ಇವೆರಡೂ ಇಲ್ಲ. ಅವರನ್ನು ಯಾರೂ ದೂರುವುದಿಲ್ಲವಾದ್ದರಿಂದ ಯಾರೂ ಬಿಡುಗಡೆ ಮಾಡುವುದೂ ಇಲ್ಲ. ಅಂಥವರಲ್ಲಿ ಬಹುಪಾಲು ಜನ ಮರೆಯುತ್ತಾರೆ. ಉಳಿದವರಲ್ಲಿ ಹಲವರು ತಮ್ಮ ಪಶ್ಚಾತ್ತಾಪವನ್ನೇ ಒಡವೆಯಂತೆ ತೊಟ್ಟು ತಿರುಗುತ್ತಾರೆ. ಎಲ್ಲೋ ಕೆಲವರು ಮಾತ್ರ ನಾಚಿಕೆಯನ್ನು ಕೆಲಸಕ್ಕೆ ಹಚ್ಚಿ, ಅದರಿಂದ ದಿನಾ ಬೆಳಗ್ಗೆ ಬಾಗಿಲು ತೆಗೆಸಿ, ನೆಲ ಗುಡಿಸಿ, ಇನ್ನೊಂದು ಮಗುವಿಗೆ ಜಾಗ ಮಾಡಿಕೊಡುತ್ತಾರೆ. ಮಗುವನ್ನು ಬಾಗಿಲ ಹಿಂದೆ ಬಚ್ಚಿಟ್ಟ ನನ್ನಂಥವರು ನಾಚಿಕೆಯೆಂದು ಕರೆದುಕೊಂಡದ್ದು ಬರಿಯ ಭಯವನ್ನು. ನಾಚಿಕೆಗೆ ಅಷ್ಟೊಂದು ಕೆಲಸ ಬರುತ್ತದೆಂಬುದೇ ನಮಗೆ ತಿಳಿದಿರಲಿಲ್ಲ.