ಮಿಕ್ಸರ್ ಊರಿಗೆ ಮರಳಿದ ಮಧ್ಯಾಹ್ನ

ಅಂದು ಸಂಜೆಯೊಳಗೆ ನಮ್ಮ ಮಾಲೀಕರಾದ ಕುಮಾರಸ್ವಾಮಿಯವರು ಒಂದೋ ಚೀನಾಕ್ಕೆ ಹೊಸ ಆರ್ಡರ್ ಕಳಿಸಬೇಕಿತ್ತು, ಇಲ್ಲವೇ ಮಿಕ್ಸರನ್ನು ಮತ್ತೆ ಹುಬ್ಬಳ್ಳಿಯಲ್ಲೇ ಮಾಡುವುದೆಂದು ತೀರ್ಮಾನಿಸಬೇಕಿತ್ತು. ಎರಡನೆಯದೇ ಆಗಲಿ ಎಂಬ ಆತಂಕದಲ್ಲಿ ನಾನು ಬೆಳಗಿನಿಂದ ನೀರನ್ನೂ ಸರಿಯಾಗಿ ಕುಡಿದಿರಲಿಲ್ಲ.

ಗೋಕುಲ ರೋಡಿನ ನಮ್ಮ ಕಾರ್ಖಾನೆಯಲ್ಲಿ 2003ರವರೆಗೆ ಮಿಕ್ಸರ್ ಪೂರ್ತಿ ತಯಾರಾಗುತ್ತಿತ್ತು. ಅಗ್ಗವೆಂದು ಆಮೇಲೆ ಎಲ್ಲವನ್ನೂ ಚೀನಾದವರಿಗೆ ಒಪ್ಪಿಸಿದೆವು. ಇಲ್ಲಿ ಉಳಿದದ್ದು ನಮ್ಮ ಹೆಸರು ಅಂಟಿಸುವ ಕೆಲಸ, ಮತ್ತು ಸುಟ್ಟು ವಾಪಸಾದ ಮಿಕ್ಸರುಗಳನ್ನು ಬಿಚ್ಚಿ ನೋಡುವ ನನ್ನ ಕೆಲಸ. ಈಗ, 2008ರಲ್ಲಿ, ಅಗ್ಗವೂ ಉಳಿದಿರಲಿಲ್ಲ. ಅಲ್ಲಿಯ ಕೂಲಿ ಏರಿತ್ತು, ಹಡಗಿನ ಬಾಡಿಗೆ ಏರಿತ್ತು. ಮಸಾಲೆ ಖಾರ ಮಾಡುವ ಬೇಸಿಗೆಗೆಂದು ತರಿಸಿದ ಮಾಲು ಮಳೆ ಬಿದ್ದ ಮೇಲೆ ಬಂದಿಳಿಯುತ್ತಿತ್ತು. ಮೋಟರ್ ಬಿಸಿಯಾಗಿ ನಿಲ್ಲುತ್ತದೆ ಎಂದು ಬರೆದರೆ, ನಮ್ಮಲ್ಲಿ ನಿಲ್ಲುವುದಿಲ್ಲ ಎಂಬ ಉತ್ತರ.

ಮಾಲೀಕರನ್ನು ಒಪ್ಪಿಸಿ ಒಂದು ಮಿಕ್ಸರನ್ನು ಇಲ್ಲೇ ಮಾಡಿಸಿದ್ದೆ. ಮೋಟರಿಗೆ ತಂತಿ ಸುತ್ತಿದವಳು ನಮ್ಮ ಹಳೆಯ ಕೆಲಸಗಾರ್ತಿ ಮೈಮುನಾ. "ಮತ್ತೆ ಶುರುವಾಗಬಹುದು" ಎಂದಷ್ಟೇ ನಾನು ಹೇಳಿದ್ದೆ. ಅಷ್ಟಕ್ಕೇ ಅವಳು ನವನಗರದ ಹೊಲಿಗೆ ಕೆಲಸ ಬಿಟ್ಟು ಬಂದಿದ್ದಳು.

ಪರೀಕ್ಷೆಗೆ ದುರ್ಗದಬೈಲಿನಲ್ಲಿ ಚಟ್ನಿಪುಡಿ ಮಾರುವ ಸಂಗವ್ವನವರನ್ನು ಕರೆಸಿದ್ದೆವು. ನಮ್ಮ ಮಿಕ್ಸರುಗಳನ್ನು ಅವರಷ್ಟು ಸುಟ್ಟವರು ಊರಲ್ಲೇ ಇರಲಿಲ್ಲ.

"ನಿಮ್ಮ ಮಿಕ್ಸರ್ ಅಂದ್ರ ಮನಿ ಅಳಿಯ ಇದ್ದಂಗ್ರಿ ಸಾವ್ಕಾರ್ರ," ಎಂದರು ಬಂದವರೇ. "ಜರಾ ಕೆಲಸ ಹೇಳಿದ್ರ ಬಿಸಿ ಆಗಿ ಮಕ್ಕೊಂಡ ಬಿಡತೈತಿ."

"ಇವತ್ತ ಬ್ಯಾರೆ ಅಳಿಯನ್ನ ತಂದೇವ್ರಿ, ನೋಡ್ರಿ," ಎಂದು ಕುಮಾರಸ್ವಾಮಿಯವರು ನಕ್ಕರು.

ಸಂಗವ್ವ ಚೀಲದಿಂದ ಹಳೆಯ ಸೀರೆಯ ತುಂಡೊಂದನ್ನು ತೆಗೆದು, ಮಡಚಿ ಹಾಸಿ, ಅದರ ಮೇಲೆ ಮಿಕ್ಸರ್ ಇಟ್ಟರು. ಶೇಂಗಾ ಪುಡಿಯಾಯಿತು. ಅಗಸಿ ಬೀಜ ಪುಡಿಯಾಯಿತು. ಒಣಮೆಣಸಿನಕಾಯಿ ಹಾಕಿದರು. ಎಲ್ಲರೂ ಸೀನತೊಡಗಿದರು. ಅಷ್ಟರಲ್ಲಿ ಮಿಕ್ಸರ್ ನಿಂತುಹೋಯಿತು.

"ಇಷ್ಟನ್ನ ಚೀನಾದವರೂ ಮಾಡತಾರಲ್ಲ, ನಾಗರತ್ನಾ," ಎಂದರು ಕುಮಾರಸ್ವಾಮಿಯವರು ನನ್ನ ಕಡೆ ತಿರುಗಿ, ಮೆಲ್ಲಗೆ.

ಮೈಮುನಾ ಅವರತ್ತ ನೋಡಲಿಲ್ಲ, ನನ್ನತ್ತ ನೋಡಿದಳು. ಆ ನೋಟ ತಾಳಲಾರದೆ ನಾನು ಮಿಕ್ಸರ್ ಎತ್ತಿದೆ. ಕೆಳಗಿನ ಬಟ್ಟೆ ಸುಡುತ್ತಿತ್ತು. ಗಾಳಿಯಾಡುವ ತೂತುಗಳೆಲ್ಲ ತಳದಲ್ಲೇ ಇದ್ದವು. ಬಟ್ಟೆ ಅವನ್ನು ಪೂರ್ತಿ ಮುಚ್ಚಿತ್ತು. ವಾಪಸಾದ ಮಿಕ್ಸರುಗಳ ತಳದಲ್ಲಿ ನೂಲಿನ ಎಳೆಗಳು ಸಿಕ್ಕಿಕೊಂಡಿರುತ್ತಿದ್ದುದು ಏಕೆಂದು ಆಗ ಹೊಳೆಯಿತು. ಚೀನಾದವರೂ ನಾವೂ ಬರಿಯ ಮೇಜಿನ ಮೇಲಿಟ್ಟು ಪರೀಕ್ಷಿಸಿದ್ದೆವು!

"ಸಂಗವ್ವಾರ, ಅರಿವಿ ಯಾಕ ಹಾಸೀರಿ?"

"ಪುಡಿ ಚೆಲ್ಲಿದ್ರ ನೀ ಬಂದು ಬಳೀತಿ ಏನ್ ತಂಗಿ? ಗದ್ದಲಾನೂ ಕಡಿಮಿ ಆಗತೈತಿ. ಎಲ್ಲಾರೂ ಹಾಸತಾರ."

ಖರೇ. ನಮ್ಮ ಮನೆಯಲ್ಲೂ ಹಾಸುತ್ತಿದ್ದೆವು.

"ಹಾಸಬ್ಯಾಡ್ರಿ ಅಂತ ಡಬ್ಬಿ ಮ್ಯಾಲ ಬರದ್ರಾತು," ಎಂದರು ಕುಮಾರಸ್ವಾಮಿಯವರು.

"ಬರೀರಿ. ಡಬ್ಬಿ ರದ್ದಿಗೆ ಹಾಕತೇನಿ," ಎಂದರು ಸಂಗವ್ವ.

"ಒಂದ್ ತಾಸು ಕೊಡ್ರಿ ಸರ್," ಎಂದುಬಿಟ್ಟೆ. ಹೀಗೆ ಯೋಚಿಸದೆ ಮಾತಾಡಿದ್ದು ನನಗೇ ಹೊಸದು. ಮೈಮುನಾ ಆಗಲೇ ಸ್ಕ್ರೂ ಬಿಚ್ಚುತ್ತಿದ್ದಳು. ಹೊರಕವಚವನ್ನು ತೆಗೆದುಕೊಂಡು ಡ್ರಿಲ್ ಇರುವ ಕೋಣೆಗೆ ಓಡಿದೆವು. ಹಿಂಬದಿಯಲ್ಲಿ ಎಲ್ಲಿ ತೂತು ಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

"ಅಕ್ಕಾ, ಗುರ್ತು ಹಾಕಿದ್ದು ಸಾಕು. ಡ್ರಿಲ್ ಇಲ್ಲಿ ತರ್ರಿ," ಎಂದು ಅವಳು ಕಿತ್ತುಕೊಂಡಳು. ಇಬ್ಬರೂ ನಗುತ್ತಿದ್ದೆವು, ಏಕೆಂದು ಗೊತ್ತಿರಲಿಲ್ಲ.

ಮರಳಿ ತಂದಿಟ್ಟಾಗ ಸಂಗವ್ವ ಹಟಕ್ಕೆ ಬಿದ್ದವರಂತೆ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಚಿ ಹಾಸಿದರು. ಮೆಣಸಿನಕಾಯಿ ಮತ್ತೆ ಶುರುವಾಯಿತು. ಕುಮಾರಸ್ವಾಮಿಯವರು ಹಿಂದೆ ಅಂಗೈ ಒಡ್ಡಿದರು. ಬಿಸಿ ಗಾಳಿ ಭರ್ರನೆ ಹೊರಬರುತ್ತಿತ್ತು. ಜಾರ್ ಬರಿದಾಯಿತು, ತುಂಬಿತು, ಮತ್ತೆ ಬರಿದಾಯಿತು. ಮಿಕ್ಸರ್ ನಿಲ್ಲಲಿಲ್ಲ.

"ಸಾಕ ಮಾಡ್ರವಾ," ಎಂದರು ಸಂಗವ್ವ. "ನನ್ನ ಮೆಣಸಿನಕಾಯೇ ತೀರಿದ್ವು."

ಕುಮಾರಸ್ವಾಮಿಯವರು ಸೊಟ್ಟಸೊಟ್ಟವಾದ ಆ ತೂತುಗಳ ಮೇಲೆ ಬೆರಳಾಡಿಸಿದರು. "ಇದನ್ನ ಚೀನಾದವರಿಗೆ ಬರದು ಕಳಸಿದ್ರ?"

"ಅವರು ಒಪ್ಪಬೇಕು, ಅಚ್ಚು ತಿದ್ದಬೇಕು, ಮಾಲು ಹಡಗು ಹತ್ತಬೇಕು," ಎಂದು ನಾನು ಅಳೆದು ಹೇಳಿದೆ. "ದೀಪಾವಳಿ ದಾಟತಿತ್ತು ಸರ್. ದಾಟಬಹುದಿತ್ತು."

"ಇಲ್ಲಿ ಬರೇ ಊಟಾ ತಡಾ ಆತು," ಎಂದು ಅವರು ಒಮ್ಮೆಲೇ ಜೋರಾಗಿ ನಕ್ಕರು. ಫೋನೆತ್ತಿ ಆಫೀಸಿನವರಿಗೆ ಆರ್ಡರ್ ಕಳಿಸಬೇಡಿ ಎಂದರು. ನಾನು ಕುರ್ಚಿ ಹುಡುಕಿ ಕೂತೆ.

"ಮೈಮುನಾ, ನಿನ್ನ ಜೋಡಿ ಇಲ್ಲಿ ಕೆಲಸಾ ಮಾಡತಿದ್ದ ಹಳೇ ಗೆಳತ್ಯಾರು ಎಲ್ಲೆಲ್ಲಿ ಅದಾರ? ಕರಸಬೇಕಲ್ಲ," ಎಂದರು ಕುಮಾರಸ್ವಾಮಿಯವರು.

ಮೈಮುನಾ ಖಾರಕ್ಕೆ ಕೆಂಪಾದ ಕಣ್ಣು ಒರೆಸಿಕೊಂಡಳು. "ಅರ್ಧಾ ಮಂದಿ ಗೇಟಿನ ಹೊರಗ ನಿಂತಾರ್ರಿ ಸಾಹೇಬ್ರ. ಆವಾಗಿಂದ ಸೀನಾಕತ್ತಾರ, ಕೇಳಸವಲ್ದೇನ್ರಿ?"